ಪಡಸಾಲೆಯಲ್ಲಿ ಹುಟ್ಟು ಹಾಕಿದ ಅಕ್ಕ

ವಿಷಮಶೀತ ಜ್ವರದಿಂದ ಎದ್ದ ಮೇಲೆ ನನಗೆ ಕೈಕೊಟ್ಟದ್ದು ಕಾಲುಗಳು. ಜ್ವರ ಬಿಟ್ಟಿತ್ತು, ನಾಲಿಗೆಗೆ ರುಚಿ ಮರಳಿತ್ತು, ಅಕ್ಕ ಮಾಡಿಕೊಡುವ ಜೋಳದ ನುಚ್ಚು ಮಜ್ಜಿಗೆ ಹೊಟ್ಟೆಯಲ್ಲಿ ನಿಲ್ಲತೊಡಗಿತ್ತು. ಆದರೆ ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ಇಪ್ಪತ್ತು ದಾಟಿದ ಗಂಡಸು, ಶಾಲಾ ಮಾಸ್ತರ, ಗೋಡೆ ಸವರಿಕೊಂಡು ನಡೆಯುವುದನ್ನು ಕಂಡು ಓಣಿಯ ಮುದುಕರು ಲೊಚಗುಟ್ಟುತ್ತಿದ್ದರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದು ವರ್ಷವಾಗಿತ್ತು. ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಈಗ ಅದೇ ಲೆಕ್ಕ, ಅದೇ ಭೂಗೋಳವನ್ನು ಕನ್ನಡದಲ್ಲಿ ಕಲಿಸಬೇಕಾಗಿ ಬಂದು, ಮಕ್ಕಳಿಗಿಂತ ಒಂದು ದಿನ ಮುಂಚೆ ನಾನೇ ಪಾಠ ಕಲಿಯುತ್ತಿದ್ದೆ. ಆ ಗಡಿಬಿಡಿಯ ನಡುವೆ ಬಂದು ಅಪ್ಪಳಿಸಿದ್ದು ಈ ಜ್ವರ.

ಕಲಬುರ್ಗಿಯಲ್ಲಿ ನಾವಿದ್ದದ್ದು ಒಬ್ಬ ಸಾಹೇಬರ ಮನೆಯ ಹಿಂದಿನ ಭಾಗದಲ್ಲಿ, ಬಾಡಿಗೆಗೆ. ಒಂದು ಪಡಸಾಲೆ, ಒಂದು ಅಡಿಗೆ ಖೋಲಿ, ಹಿತ್ತಲು. ನಮ್ಮ ಮನೆತನದ ಹೊಲ, ಬಾಳೆತೋಟ ಎಲ್ಲ ಇದ್ದದ್ದು ಕಮಲಾಪುರದಲ್ಲಿ. ಅಲ್ಲಿ ಅಪ್ಪ ಮತ್ತು ಕಾಕಾನ ಸಂಸಾರ. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಕಾಲರಾದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನನಗೆ ನೌಕರಿ ಸಿಕ್ಕಾಗ ಅಪ್ಪ, "ತಮ್ಮನಿಗೆ ಅಡಿಗಿ ಮಾಡಿ ಹಾಕ್ಕೋತ ಇರು ಹೋಗವ್ವ" ಎಂದು ನನ್ನ ಜೊತೆ ಕಳಿಸಿದ್ದ. ಆಕೆ ಬಂದಳು, ಒಲೆಯ ಮುಂದೆ ಕೂತಳು, ಅಷ್ಟೇ. ವರ್ಷಗಟ್ಟಲೆ ಆಕೆಯ ದನಿ ಜೋರಾಗಿ ಕೇಳಿದ ನೆನಪಿಲ್ಲ.

ಸಾಹೇಬರು ಆಗ ಎಪ್ಪತ್ತರ ಸಮೀಪ. ನಿಜಾಮ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಹರೆಯದಲ್ಲಿ ವಿಲಾಯತಿಗೆ ಹೋಗಿ ಓದಿದ್ದರು. ರಜಾಕಾರರ ಹಾವಳಿಯ ದಿನಗಳಲ್ಲಿ ನಾವು ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದಾಗ ಅವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಬೀದಿಗೆ ಮುಖ ಮಾಡಿ ಕೂತಿರುತ್ತಿದ್ದರು. ಪೊಲೀಸ್ ಆ್ಯಕ್ಷನ್ ಆದ ಮೇಲೆ ಹೆದರುವ ಸರದಿ ಅವರದಾಯಿತು. ಅವರು ಹೊರಗೆ ಬರದಿದ್ದ ಆ ವಾರಗಳಲ್ಲಿ ಅಕ್ಕ ದಿನಾಲು ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿ ಹಿತ್ತಲ ಗೋಡೆಯ ಮೇಲಿಟ್ಟು ಬರುತ್ತಿದ್ದಳು.

ಸಾಹೇಬರು ಹೈದರಾಬಾದಿನಲ್ಲಿದ್ದ ಮಗಳ ಮನೆಗೆ ಹೋಗಿ ಇರಲು ನಿರ್ಧರಿಸಿ ಸಾಮಾನು ಕಟ್ಟಿಸುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರು ಹಮಾಲರು ಉದ್ದನೆಯ ಕಟ್ಟಿಗೆಯ ಚೌಕಟ್ಟೊಂದನ್ನು ಹೊತ್ತು ನಮ್ಮ ಪಡಸಾಲೆಯಲ್ಲಿಳಿಸಿದರು. ಹಿಂದೆಯೇ ಸಾಹೇಬರು ಕೋಲೂರಿಕೊಂಡು ಬಂದರು.

ಅಕ್ಕ ಅಡಿಗೆ ಖೋಲಿಯ ಹೊಸ್ತಿಲಿಂದ ಇಣುಕಿ ನನ್ನನ್ನು ಕೇಳಿದಳು: "ಇದೇನೋ ತಮ್ಮಾ, ಮಗ್ಗ ಏನು?"

ನೋಡಿದರೆ ಹಾಗೇ ಕಾಣುತ್ತಿತ್ತು. ಎರಡು ಹಳಿಗಳ ಮೇಲೆ ಗಾಲಿಯಿರುವ ಸಣ್ಣ ಮಣೆ, ಮುಂದೆ ಪಾದ ಇಟ್ಟು ಬಿಗಿಯಲು ತೊಗಲಿನ ಪಟ್ಟಿ, ಅತ್ತಿತ್ತ ಎರಡು ಹಿಡಿಕೆ, ಹಿಡಿಕೆಗಳ ಬುಡದಲ್ಲಿ ಎಣ್ಣೆ ತುಂಬಿದ ಎರಡು ಹಿತ್ತಾಳೆಯ ಕೊಳವೆ.

"ನಾವ್, ಬೇಟಿ," ಎಂದರು ಸಾಹೇಬರು. "ದೋಣಿ. ಕಲಬುರ್ಗಿಯಾಗ ನದಿ ಎಲ್ಲದ? ಅದಕ್ಕ ಮನಿಯಾಗ ಇಟಗೊಂಡಿದ್ದೆ. ವಿಲಾಯತಿಯಾಗ ನದಿ ಮ್ಯಾಲ ಹುಟ್ಟು ಹಾಕ್ತಿದ್ದೆ, ಇಲ್ಲಿ ಬಂದ ಮ್ಯಾಲ ಮುಂಬೈಯಿಂದ ಇದನ್ನ ತರಿಸಿದೆ. ಈಗ ನನ್ನ ಮೊಣಕಾಲು ಕೇಳಂಗಿಲ್ಲ. ನಿನ್ನ ತಮ್ಮಗ ಕಾಲು ಬೇಕಾಗ್ಯಾವಲ್ಲ, ಇರ್ಲಿ."

ಅವರು ಕುರ್ಚಿಯ ಮೇಲೆ ಕೂತು, ಕೋಲಿನಿಂದ ತೋರಿಸುತ್ತ ನನಗೆ ಪಾಠ ಹೇಳಿದರು. "ಪೈಲೇ ಪಾಂವ್, ಫಿರ್ ಕಮರ್, ಬಾದ್ ಮೇ ಹಾಥ್. ಮೊದಲು ಕಾಲಿಲೆ ಒದಿ, ಆಮ್ಯಾಲ ಸೊಂಟ ಹಿಂದಕ್ಕ, ಕೊನೀಗಿ ಕೈ. ಬರೋ ಮುಂದ ಉಲ್ಟಾ. ಕೈ ಮುಂದ, ಸೊಂಟ ಮುಂದ, ಆಮ್ಯಾಲ ಮೊಣಕಾಲು ಮಡಚು. ಹೋಗೋ ಮುಂದ ಜೋರು, ಬರೋ ಮುಂದ ಆರಾಮ. ಹಿಡಿಕಿ ಗುಬ್ಬಿಮರಿ ಹಿಡದಂಗ ಹಿಡಿ, ಕುತ್ತಿಗಿ ಹಿಚುಕಬ್ಯಾಡ."

ನಾನು ಕೇಳಿದ್ದೇ ಒಂದು, ಮಾಡಿದ್ದೇ ಒಂದು. ಕಾಲಿನಲ್ಲಿ ಬಲವಿಲ್ಲವೆಂದು ಕೈಯಿಂದಲೇ ಎಳೆದೆ. ಬೇಗ ಗಟ್ಟಿಯಾಗಬೇಕೆಂಬ ಆಸೆಯಿಂದ ಬೇಡವೆಂದರೂ ಬಿಡದೆ ಎಳೆದೆ. ಮರುದಿನ ಅಂಗೈ ತುಂಬ ಬೊಬ್ಬೆ, ಬೆನ್ನು ಹಿಡಿದು ಹೊರಳಲೂ ಆಗದು. "ಇದು ವಿಲಾಯತಿಯವರ ಮೈಗೆ ಸರಿ ಅಕ್ಕಾ, ನಮಗಲ್ಲ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಅಕ್ಕ ಬೆನ್ನಿಗೆ ಉಪ್ಪಿನ ಶಾಖ ಕೊಟ್ಟಳು. ಶಾಖ ಮುಗಿಸಿ ಎದ್ದವಳು ಕದ ಮುಂದಕ್ಕೆಳೆದಳು. ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಮಣೆಯ ಮೇಲೆ ಕೂತಳು.

"ಅಕ್ಕಾ, ಏನ್ ಮಾಡ್ಲಾಕತ್ತಿ?"

"ಸುಮ್ನ ಮಲಕೊಂಡು ನೋಡು. ಅವರು ಹೇಳಿದ್ದು ನಂಗ ತಿಳದದ, ಬಾಯಿಲೆ ಹೇಳಿದ್ರ ನಿಂಗ ತಿಳಿಯಂಗಿಲ್ಲ."

ಮೊದಲ ಸಲ ಮಣೆ ಸರ್ರನೆ ಹಿಂದೆ ಹೋಗಿ ಹಳಿಯ ತುದಿಗೆ ಬಡಿಯಿತು. ಆಕೆ ಬೆಚ್ಚಿಬಿದ್ದು ನಕ್ಕಳು. ಎಷ್ಟು ವರ್ಷಗಳಾಗಿದ್ದವೋ ಆ ನಗು ಕೇಳಿ. ಮತ್ತೆ ಮುಂದೆ ಬಂದು, ಈ ಸಲ ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತ ಎಳೆದಳು: "ಕಾಲು... ಸೊಂಟ... ಕೈ." ತಡೆದು, "ಕೈ... ಸೊಂಟ... ಕಾಲು." ಮತ್ತೊಮ್ಮೆ. ಇನ್ನೊಮ್ಮೆ. ಸ್ವಲ್ಪ ಹೊತ್ತಿಗೆ ಹೇಳಿಕೊಳ್ಳುವುದು ನಿಂತಿತು. ಗಾಲಿಗಳ ಸದ್ದಿಗೂ ಆಕೆಯ ಉಸಿರಿಗೂ ಒಂದೇ ಲಯ ಬಂತು. ನಾನು ಬೆನ್ನು ನೋವು ಮರೆತು ನೋಡುತ್ತಿದ್ದೆ.

ಬೆನ್ನು ಬಿಟ್ಟ ಮೇಲೆ ನನ್ನನ್ನು ಮತ್ತೆ ಕೂಡಿಸಿದವಳು ಅಕ್ಕನೇ. ನನ್ನ ಉಸ್ತುವಾರಿ ಪೂರ್ತಿ ಆಕೆಯದು. ಹಿಡಿಕೆ ಮುಟ್ಟಗೊಡದೆ ಕೆಲವು ದಿನ ಬರೀ ಕಾಲಿನಿಂದ ಮಣೆ ಹಿಂದೆ ಮುಂದೆ ಸರಿಸಲು ಹಚ್ಚಿದಳು. ಆಮೇಲೆ ಸೊಂಟ. ಕೈಗೆ ಬರುವ ಹೊತ್ತಿಗೆ ವಾರಗಳೇ ಹಿಡಿದವು. ನನಗೆ ಹುರುಪು ಬಂದು ಇನ್ನಷ್ಟು ಎಳೆಯಹೋದರೆ, "ಸಾಕು, ಏಳು. ನಾಳಿಗೂ ಇಟ್ಕೊ" ಎಂದು ಎಬ್ಬಿಸಿಬಿಡುತ್ತಿದ್ದಳು. ನಾನು ಎದ್ದ ಮೇಲೆ ಆಕೆ ಕೂಡುತ್ತಿದ್ದಳು.

ಒಂದು ದಿನ ಆಕೆ ಕೂತಿರುವಾಗಲೇ ಬಾಗಿಲಾಚೆ ಸಾಹೇಬರ ಕೆಮ್ಮು ಕೇಳಿಸಿತು. ಅಕ್ಕ ಗಡಬಡಿಸಿ ಎದ್ದು ಸೆರಗು ಹೊದ್ದುಕೊಂಡಳು. ಕದದ ಸಂದಿಯಿಂದ ಅವರು ಎಷ್ಟು ಹೊತ್ತು ನೋಡಿದ್ದರೋ. ಒಳಗೆ ಬರಲಿಲ್ಲ. ಅಲ್ಲಿಂದಲೇ, "ಬೇಟಿ, ನನಗ ಇಷ್ಟು ಸಾಫ್ ಎಳೀಲಿಕ್ಕೆ ಎರಡು ವರ್ಷ ಹಿಡದಿತ್ತು" ಎಂದರು. ಆ ವಾರವೇ ಅವರು ಹೈದರಾಬಾದಿಗೆ ಹೋದರು. ಟಾಂಗಾ ಹತ್ತುವಾಗ ನನಗೆ ಕೈ ಕುಲುಕಿದರು, ಅಕ್ಕನ ತಲೆಯ ಮೇಲೆ ಕೈಯಿಟ್ಟರು.

ಅವರು ಹೋದ ಮೇಲೆ ಹಿತ್ತಾಳೆ ಕೊಳವೆಯ ಎಣ್ಣೆ ಸೋರಿ ಹಿಡಿಕೆಗಳು ಸಡಿಲಾದವು. ಎಣ್ಣೆಯೆಂದರೆ ಎಣ್ಣೆ ಎಂದು ನಾನು ಮನೆಯಲ್ಲಿದ್ದ ಕುಸುಬಿ ಎಣ್ಣೆಯನ್ನೇ ಸುರಿದೆ. ಒಂದಷ್ಟು ದಿನ ಸರಿಯಿತ್ತು. ಆಮೇಲೆ ಅದು ಒಳಗೇ ಅಂಟುಗಟ್ಟಿ, ಇಬ್ಬರೂ ಸೇರಿ ಎಳೆದರೂ ಹಿಡಿಕೆ ಜಪ್ಪಯ್ಯ ಎನ್ನಲಿಲ್ಲ. ಅಕ್ಕ ದೀಪಕ್ಕೆ ಹಾಕುವ ಗ್ಯಾಸೆಣ್ಣೆ ಹಾಕಿ ತೊಳೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ತಿಕ್ಕಿ, ಬಿಸಿಲಿಗಿಟ್ಟಳು. ನಾನು ಜಗತ್ ಪ್ರದೇಶದಲ್ಲಿದ್ದ ಹೊಲಿಗೆ ಮಷಿನ್ ಅಂಗಡಿಗೆ ಎಣ್ಣೆ ತರಲು ನಡೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಹೊಳೆಯಿತು: ನಾನು ಗೋಡೆ ಹಿಡಿದಿರಲಿಲ್ಲ, ಯಾರ ಹೆಗಲೂ ಕೇಳಿರಲಿಲ್ಲ. ಅಂಗಡಿಯವನು ಏನು ಬೇಕೆಂದು ಕೇಳಿದರೆ, "ನಡಕೋತ ಬಂದೀನಿ" ಎಂದುಬಿಟ್ಟೆ.

ನಾನು ಶಾಲೆಗೆ ಮರಳಿದೆ. ಮಧ್ಯಾಹ್ನದ ಹೊತ್ತು ಓಣಿಯ ಹೆಣ್ಣುಮಕ್ಕಳು ಅಕ್ಕನ ಬಳಿ ಬರಲು ಶುರುಮಾಡಿದರು. ಮೊದಲು ಬಂದವಳು ಬಾಣಂತನವಾದ ಮೇಲೆ ಸೊಂಟ ಹಿಡಿದಿದ್ದ ಎದುರು ಮನೆಯ ಸೊಸೆ. ಆಮೇಲೆ ಸಾಹೇಬರ ಮನೆಗೆ ಹೊಸದಾಗಿ ಬಂದ ಬಾಡಿಗೆದಾರರ ಮನೆಯ ಅತ್ತೆ ಸೊಸೆ, ಹಿತ್ತಲ ಬಾಗಿಲಿಂದ. ಬುರ್ಖಾ ಗೂಟಕ್ಕೆ ನೇತುಹಾಕಿ, ಒಬ್ಬೊಬ್ಬರಾಗಿ ಕೂತು ಎಳೆಯುವುದು, ಉಳಿದವರು ಶೇಂಗಾ ಸುಲಿಯುತ್ತ ಮಾತಾಡುವುದು. ಎಲ್ಲರಿಗೂ ಅಕ್ಕ ಮೊದಲ ದಿನ ಹೇಳುತ್ತಿದ್ದದ್ದು ಒಂದೇ: "ಇವತ್ತು ಸ್ವಲ್ಪೇ ಮಾಡು, ನಾಳಿ ಬರಬೇಕು ಅನ್ನೂವಷ್ಟು."

ಶಾಲೆಗೆ ರಜೆಯಿದ್ದ ಒಂದು ದಿನ ಅಪ್ಪ ಹೇಳದೆ ಕೇಳದೆ ಕಮಲಾಪುರದಿಂದ ಬಂದ. ನಾನು ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ನೇರ ಒಳಗೆ ಕಾಲಿಟ್ಟ. ಪಡಸಾಲೆ ತುಂಬ ಹೆಂಗಸರು, ನಡುವೆ ಬೆವರಿಳಿಸಿಕೊಂಡು ಹುಟ್ಟು ಹಾಕುತ್ತಿರುವ ವಿಧವೆ ಮಗಳು. ಒಂದು ಕ್ಷಣದಲ್ಲಿ ಹೆಂಗಸರೆಲ್ಲ ಹಿತ್ತಲಿನಿಂದ ಮಾಯವಾದರು.

ಅಪ್ಪ ಕಾಲು ತೊಳೆದ, ಲಿಂಗಪೂಜೆ ಮಾಡಿದ, ಉಂಡ. ಎಲೆಯಡಿಕೆ ಹಾಕಿಕೊಂಡ ಮೇಲೆ ಒಂದೇ ಮಾತು ಹೇಳಿದ: "ತಮ್ಮ ಗಟ್ಟಿ ಆಗ್ಯಾನ. ನಾಳಿ ನನ್ನ ಕೂಡ ಊರಿಗಿ ನಡಿ."

ಅಕ್ಕ ತಾಟು ಎತ್ತುತ್ತಿದ್ದವಳು ಕೆಳಗಿಟ್ಟು, ಅಪ್ಪನ ಎದುರಿಗೇ ಕೂತಳು.

"ಬಾ ಅಂದ್ರ ಬರ್ತೀನಿ ಅಪ್ಪಾ. ಒಂದು ಮಾತು ಕೇಳು. ನಮ್ಮ ಮನಿಯವರು ತೀರಿಹೋದಾಗ ಎಲ್ಲಾರು ನಂಗ ಮೂಲ್ಯಾಗ ಕೂಡು ಅಂದ್ರು, ಕೂತೆ. ಕೂತು ಕೂತು ಸೊಂಟ ಹಿಡೀತು, ಮನಸೂ ಹಿಡೀತು. ಈಗ ಕೂತಲ್ಲೇ ಒಂಚೂರು ಹಿಂದ ಮುಂದ ಸರೀತೀನಿ, ಅಷ್ಟೇ. ಹೊಸ್ತಿಲ ದಾಟಿಲ್ಲ, ಯಾರ ಮಾತಿಗೂ ಹೋಗಿಲ್ಲ. ಇದಕ್ಕೂ ಬ್ಯಾಡ ಅಂತೀಯೇನು?"

ಅಪ್ಪ ಎಲೆಯಡಿಕೆ ಅಗಿಯುವುದು ಬಿಟ್ಟು ಮಗಳ ಮುಖ ನೋಡಿದ. ಆಕೆ ಅಷ್ಟುದ್ದ ಮಾತಾಡಿದ್ದನ್ನು ಅವನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವನೊಬ್ಬನೇ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿಗೆ ಹೊರಟ. ಬುಟ್ಟಿ ತೋರಿಸಿ, "ಆ ಹೆಣ್ಮಕ್ಕಳಿಗೂ ಕೊಡವ್ವ, ಪಾಪ ಹೆದರಿ ಓಡಿದ್ರು" ಎಂದು ಹೇಳಿ ಹೋದ.

ಒಂದೆರಡು ವರ್ಷಗಳ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ನಾವು ಹೋಗುವಷ್ಟರಲ್ಲಿ ಬಲಗೈ ಬಲಗಾಲು ಬಿದ್ದಿದ್ದವು, ಮಾತು ತೊದಲುತ್ತಿತ್ತು. ದವಾಖಾನೆಯ ಡಾಕ್ಟರು ಕೈಕಾಲು ಆಡಿಸುತ್ತಿರಬೇಕೆಂದರು. ಅಕ್ಕ ದೋಣಿಯ ಬಗ್ಗೆ ಕೇಳಿದಾಗ ಯೋಚಿಸಿ, "ಮೊದಲು ಕೂಡಲಿಕ್ಕೆ ಬರಲಿ, ಆಮೇಲೆ ಹಗುರಾಗಿ" ಎಂದರು. ಅಕ್ಕ ಕಲಬುರ್ಗಿಗೆ ಬಂದು ಚೌಕಟ್ಟನ್ನು ಬಸ್ಸಿನ ಮೇಲೆ ಹಗ್ಗ ಬಿಗಿಸಿ ಕಮಲಾಪುರಕ್ಕೆ ಒಯ್ದಳು. ಸಂತೆಯ ದಿನ, ಇಡೀ ಸಂತೆ ಅದರ ಹಿಂದೆ ಮನೆಯವರೆಗೂ ಬಂತು.

ಅಪ್ಪ ಮಾತ್ರ ಅದರ ಕಡೆ ನೋಡಲಿಲ್ಲ. ಬೆಳೆ ತೆಗೆದ ಕೈ ಹೀಗಾಯಿತಲ್ಲ ಎಂದು ಮುಖ ತಿರುವಿ ಮಲಗಿರುತ್ತಿದ್ದ. ಅಕ್ಕ ಒತ್ತಾಯ ಮಾಡಲಿಲ್ಲ. ದಿನಾಲು ಬೆಳಿಗ್ಗೆ ಅವನ ಮಂಚದೆದುರು ಕೂತು ತಾನೇ ಎಳೆಯುತ್ತಿದ್ದಳು. ನಾನು ಶಾಲೆಯ ಸೂಟಿಯಲ್ಲಿ ಹೋದಾಗ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಮಣೆ ಹಿಂದೆ ಸರಿದಾಗಲೆಲ್ಲ ಕೌದಿಯ ಕೆಳಗೆ ಅಪ್ಪನ ಎಡಗಾಲು ತಾನಾಗಿ ಚಾಚುತ್ತಿತ್ತು. ಅಕ್ಕ ಕಂಡೂ ಕಾಣದವಳಂತೆ ಎಳೆಯುತ್ತಿದ್ದಳು. ಕೆಲವು ದಿನಗಳಾದ ಮೇಲೆ ಅವನೇ ತೊದಲಿದ: "ನಂಗ... ಕೂಡ್ಸು."

ಇಬ್ಬರೂ ಎತ್ತಿ ಕೂಡಿಸಿದೆವು. ನಾನು ಹಿಂದಿನಿಂದ ಬೆನ್ನಿಗೆ ಆಸರೆ ಕೊಟ್ಟೆ. ಬಲಗೈ ಹಿಡಿಕೆಯಿಂದ ಜಾರುತ್ತಿತ್ತು. ಅಕ್ಕ ಹಳೇ ಸೀರೆಯ ಮೆತ್ತನೆ ಪಟ್ಟಿಯಿಂದ ಅದನ್ನು ಹಿಡಿಕೆಗೆ ಕಟ್ಟಿದಳು. ಅಪ್ಪ ಎಡಗಾಲಿನಿಂದ ಒದ್ದ. ಮಣೆ ಒಂದು ಗೇಣು ಸರಿಯಿತು, ಸತ್ತ ಕೈ ಅದರ ಜೊತೆ ಬಂತು. ಅವನು ತನ್ನ ಕೈಯನ್ನೇ ನೋಡುತ್ತ ಅತ್ತ. "ಸಾಕು ಅಪ್ಪಾ, ನಾಳಿಗಿರ್ಲಿ" ಎಂದು ಅಕ್ಕ ಪಟ್ಟಿ ಬಿಚ್ಚಿದಳು. ಹೊರಗೆ ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತು ಆಕೆಯೂ ಅತ್ತಳು.

ಆ ಕೈಗೆ ಕುಡುಗೋಲು ಹಿಡಿಯುವ ಶಕ್ತಿ ಮರಳಿ ಬರಲಿಲ್ಲ. ಆದರೆ ವರ್ಷ ತುಂಬುವಷ್ಟರಲ್ಲಿ ಅಪ್ಪ ಕೋಲು ಹಿಡಿದು ತೋಟಕ್ಕೆ ನಡೆದು ಹೋಗಿ ಬರುತ್ತಿದ್ದ, ತುತ್ತು ತಾನೇ ಕಲಸಿ ಉಣ್ಣುತ್ತಿದ್ದ. ಅಕ್ಕ ಅಲ್ಲೇ ಉಳಿದಳು. ನೀರು ತಿರುವುವುದು, ಆಳು ಹಚ್ಚುವುದು, ಬಾಳೆಯ ಕಂದು ನೆಡಿಸುವುದು ಎಲ್ಲ ಒಂದೊಂದಾಗಿ ಆಕೆಯ ಕೈಗೆ ಬಂತು. ಕಾಕಾ ಮೊದಲು ಗೊಣಗಿದ. ಆಮೇಲೆ ಏನಾದರೂ ಕೇಳಬೇಕಾದರೆ ಅಪ್ಪನನ್ನು ದಾಟಿ ಆಕೆಯ ಬಳಿಗೇ ಹೋಗತೊಡಗಿದ.

ಹೈದರಾಬಾದ್ ಸಂಸ್ಥಾನ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ಮಾತು ನಡೆದಿದ್ದಾಗ ನನಗೆ ದೂರದ ಊರಿಗೆ ವರ್ಗವಾಯಿತು. ಹೇಳಿ ಬರಲು ಕಮಲಾಪುರಕ್ಕೆ ಹೋದೆ. ಅಕ್ಕ ತೋಟದಲ್ಲಿದ್ದಳು. ಕೆಂಪು ಬಾಳೆಯ ಗೊನೆಯೊಂದನ್ನು ಕಡಿದು ಹೆಗಲಿಗೇರಿಸಿಕೊಂಡು ಬದುವಿನ ಮೇಲೆ ಬರುತ್ತಿದ್ದಳು. ನಲವತ್ತರ ಸಮೀಪದ ಹೆಂಗಸು, ಬೆನ್ನು ನೆಟ್ಟಗೆ.

"ಕೊಡು ಅಕ್ಕಾ, ನಾ ಹೊರ್ತೀನಿ" ಎಂದು ಕೈ ಚಾಚಿದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಾಸ್ತರಿಕೆಯಲ್ಲಿ ನನಗೆ ಸಣ್ಣಗೆ ಹೊಟ್ಟೆ ಬಂದಿತ್ತು.

"ನೀ ನಿನ್ನ ಚೀಲ ಹಿಡಕೊಂಡು ಬಾ, ಸಾಕು" ಎಂದು ನಕ್ಕು ಮುಂದೆ ನಡೆದಳು. ಮನೆ ಮುಟ್ಟುವತನಕ ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಲು ನಾನು ಏದುಸಿರು ಬಿಡುತ್ತಿದ್ದೆ.