ಕೊನೆಯ ರಬ್ಬರ್ ಚಕ್ರ

ಮೊನ್ನೆ ಪಾರ್ಸೆಲ್ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬೋಟಿನ ಇಂಜಿನ್ ಬಿಸಿಯಾಗದಂತೆ ಕಡಲ ನೀರು ಎಳೆಯುವ ಪಂಪಿನೊಳಗಿನ ಚಕ್ರ, ಅಂಗೈಯಲ್ಲಿ ಹಿಡಿಸುವಷ್ಟು. ವಾಸನೆಯ ಹಿಂದೆಯೇ ಗಂಗೊಳ್ಳಿ ಬಂದರಿನ ದಕ್ಕೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಆ ಹಿರಿಯರು ನೆನಪಾದರು...

ಅವರದೊಂದು ಪದ್ಧತಿ ಇತ್ತು. ಯಾವ ಸಾಮಾನಾದರೂ ಕೊನೆಯದೊಂದನ್ನು ದಡದಲ್ಲಿ ಕಟ್ಟಿದ ಬೋಟಿಗೆ ಮಾರುತ್ತಿರಲಿಲ್ಲ. ಕಡಲಲ್ಲಿ ಕೆಟ್ಟು ನಿಂತವರಿಗೆಂದು ತೆಗೆದಿಡುತ್ತಿದ್ದರು. ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಇಷ್ಟು ಒಳ್ಳೆಯವರು ಅಂಗಡಿ ಇಟ್ಟು ಬದುಕುವುದುಂಟೇ?

ಆ ವರ್ಷ ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿ ಬರುತ್ತಿದ್ದವು. ದೊಡ್ಡ ಬಂದರುಗಳಿಗೇ ಸಾಮಾನು ತಡ. ನಮ್ಮಂಥ ಸಣ್ಣ ಬಂದರನ್ನು ಕೇಳುವವರು ಯಾರು? ಸವೆದ ಚಕ್ರವನ್ನೇ ತಿರುಗಿಸಿ ಹಾಕಿ, ಒಬ್ಬರ ಬೋಟಿನದನ್ನು ಇನ್ನೊಬ್ಬರು ಕೇಳಿ ಪಡೆದು ದಿನ ದೂಡುತ್ತಿದ್ದೆವು. ರಿಪೇರಿಗೆಂದು ಹಂಗಾರಕಟ್ಟೆಗೆ ಹೋಗಿದ್ದ ನನ್ನ ಬೋಟು ಆ ಒಂದು ಚಕ್ರಕ್ಕಾಗಿ ಅಲ್ಲೇ ಕೂತಿತ್ತು. ಬಂಗುಡೆ ಮೀನು ಸಿಗುವ ಕಾಲ ಬೇರೆ.

"ಇಪ್ಪುದ್ ಒಂದೇ. ಅದ್ ಕಡಲಗೆ ಇಪ್ಪರಿಗೆ. ನಿಮ್ಗ್ ಕೊಡುಕಾತಿಲ್ಲೆ," ಎಂದರು ಅವರು. ಯಾರೋ ದೊಡ್ಡ ಕುಳಕ್ಕೆ ಎತ್ತಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಎರಡು ದಿನ ಬಿಟ್ಟು ಓಡೋಡಿ ಹೋದೆ. ಹಳೆಯ ಚಕ್ರವನ್ನೇ ಹಾಕಿಕೊಂಡು ಹೊರಟ ಬೋಟು ನಾವುಂದದ ಎದುರು ಕಡಲಲ್ಲಿ ನಿಂತುಹೋಗಿದೆ ಎಂದು ಸುಳ್ಳು ಹೇಳಿದೆ. ಮಾತು ಮುಗಿಯುವ ಮೊದಲೇ ಚಕ್ರ ನನ್ನ ಕೈಯಲ್ಲಿತ್ತು. "ಮೊದ್ಲ್ ತಕಂಡ್ ಹೋಯ್ನಿ. ದುಡ್ಡ್ ಕಡಿಗೆ ಕಾಂಬ." ಎಷ್ಟು ಸುಲಭಕ್ಕೆ ಟೋಪಿ ಹಾಕಿದೆ ಎಂದು ದಾರಿಯುದ್ದಕ್ಕೂ ಬೀಗಿದೆ.

ಹತ್ತು ದಿನ ಕಳೆದಿರಬೇಕು. ಕಿರಿಮಂಜೇಶ್ವರದ ಎದುರು ಬೇರೊಂದು ಬೋಟಿನ ಪಂಪು ನಿಜವಾಗಿಯೇ ಕೆಟ್ಟಿತು. ಅದರ ಯಜಮಾನ ಅಂಗಡಿಗೆ ಬಂದಾಗ ನಾನೂ ಅಲ್ಲೇ ಹಗ್ಗ ಕೊಳ್ಳುತ್ತಿದ್ದೆ. "ಇವ್ರಿಗೆ ಕೊಟ್ಟಾಯ್ತ್. ಇವ್ರ್ ಬೋಟೂ ಕಡಲಗೇ ನಿಂತಿತ್ತಲೆ," ಎಂದರು ಹಿರಿಯರು, ನನ್ನತ್ತ ತೋರಿಸಿ. ನಾನು ಹೌದೆಂದು ತಲೆಯಾಡಿಸಿದೆ... ಎಳೆದು ತರಲು ಹೋದವರು ಮುಟ್ಟುವಷ್ಟರಲ್ಲಿ ಗಾಳಿ ಎದ್ದು, ಲಂಗರು ಜಾರಿ, ಬೋಟು ಬಂಡೆಗೆ ಬಡಿದು ಒಡೆಯಿತು. ಜನ ಈಜಿ ಬದುಕಿದರು.

"ನಿಮ್ ಬೋಟಾದ್ರೂ ಉಳೀತಲ್ದಾ," ಎಂದರು ಅಂಗಡಿಯ ಹಿರಿಯರು ಆಮೇಲೊಮ್ಮೆ. ಗೊತ್ತಿದ್ದೇ ಚುಚ್ಚಿದರೇ? ಅವರ ಮುಖದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೂ ಸಂಶಯಪಟ್ಟೆ. ನಿಜ ಹೇಳಬೇಕೆಂದು ಎಷ್ಟೋ ಸಲ ಹೋಗಿ, ಬೇಡದ ಬೋಲ್ಟು ಕೊಂಡು ಬಂದೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೇಳುವುದು ಹಾಗೇ ಉಳಿಯಿತು.

ಈಗ ನಾನೂ ಒಂದು ಚಕ್ರ ಹೆಚ್ಚಿಗೆ ತರಿಸಿ ಕಪಾಟಿನಲ್ಲಿಡುತ್ತೇನೆ. ನಿನ್ನೆ ತೆಕ್ಕಟ್ಟೆಯವರೊಬ್ಬರು ಓಡಿಬಂದು, ಬೋಟು ಕಡಲಲ್ಲಿ ನಿಂತಿದೆ ಎಂದರು. ಕೊಟ್ಟೆ. ಕೊಡುವ ಮೊದಲು ಎಲ್ಲಿ ನಿಂತಿದೆ, ಬೋಟಿನಲ್ಲಿ ಯಾರಿದ್ದಾರೆ ಎಂದೆಲ್ಲ ಕೇಳಿದೆ. ಫೋನ್ ಹಚ್ಚಿ ನನ್ನ ಕೈಗೆ ಕೊಡಿ ಎಂದೂ ಹೇಳಿದೆ. ಬೋಟಿನವರ ದನಿ ಕೇಳಿದ ಮೇಲೆಯೇ ಕಪಾಟು ತೆರೆದೆ.

ಅಂಗಡಿಯ ಆ ಹಿರಿಯರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.