ಎಪ್ಪತ್ತು ಡಿಗ್ರಿ ಸಾಕೆಂದ ತಮ್ಮ

ಗಿರಿಜಾಳ ಪಾದಗಳು ಊದಿಕೊಂಡದ್ದನ್ನು ಮೊದಲು ಕಂಡವನು ನಾನು. ಆದರೆ ಅದು ಕಿಡ್ನಿಯ ತೊಂದರೆ ಇರಬಹುದೆಂದು ಮೊದಲು ಹೇಳಿದವನು ನನ್ನ ತಮ್ಮ ಮಹೇಶ. ಮಾದನಾಯಕನಹಳ್ಳಿಯಲ್ಲಿ ಅವನದು ಔಷಧದಂಗಡಿ. ಅಂದಿನಿಂದ ನನ್ನ ಹೆಂಡತಿ, ತನ್ನ ಜೀವ ಉಳಿಸಿದವನು ಮೈದುನನೇ ಎಂದು ಬಂದವರಿಗೆಲ್ಲ ಹೇಳುತ್ತ ಬಂದಳು. ದಿನವೂ ಅವಳ ಕಾಲೊತ್ತಿದವನ ಹೆಸರು ಆ ಮಾತಿನಲ್ಲಿ ಒಮ್ಮೆಯೂ ಬರಲಿಲ್ಲ.

ವಾರಕ್ಕೆ ಮೂರು ಡಯಾಲಿಸಿಸ್.

ಆಮೇಲೆ ಕೊರೋನಾ ಬಂತು. ಎನ್-95 ಮಾಸ್ಕ್ ಎಲ್ಲಿಯೂ ಸಿಗದಾದಾಗ ಮಹೇಶ ನಾಲ್ಕನ್ನು ಹೇಗೋ ಹೊಂದಿಸಿ ಮಾಕಳಿಯ ನಮ್ಮ ಮನೆಗೆ ತಂದ. ಬಳಸಿದ್ದನ್ನು ಎಸೆಯದೆ ಓವನ್‌ನಲ್ಲಿ ಬಿಸಿ ಮಾಡಿದರೆ ಸೋಂಕು ಸಾಯುತ್ತದೆ, ಮತ್ತೆ ತೊಡಬಹುದು ಎಂದ.

"ಎಪ್ಪತ್ತು ಡಿಗ್ರಿ, ಒಂದು ಗಂಟೆ. ಜಾಸ್ತಿ ಬೇಡ ಅಣ್ಣ." ಎರಡು ಸಲ ಹೇಳಿದ.

ನನಗೆ ಹೇಳಿದ. ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತು, ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದವನಿಗೆ. ಕಾಫಿಗೂ ಅದಕ್ಕಿಂತ ಹೆಚ್ಚು ಬಿಸಿ ಬೇಕು ಎಂದುಕೊಂಡೆ. ಗಿರಿಜಾ ಮಾತ್ರ ಅವನ ಮಾತನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು. ಇಷ್ಟು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಆ ಗೌರವ ಸಂದಿಲ್ಲ.

ಗಿರಿಜಾ ತೊಟ್ಟು ಬಿಚ್ಚಿದ ಮೊದಲ ಮಾಸ್ಕನ್ನು ಒಳಗಿಟ್ಟು ಓವನ್ನನ್ನು ನೂರ ಮೂವತ್ತಕ್ಕೆ ತಿರುಗಿಸಿದೆ.

ಹೊರಬಂದ ಮಾಸ್ಕ್ ನೋಡಲು ಚೆನ್ನಾಗಿಯೇ ಇತ್ತು. ಅದನ್ನೇ ತೊಟ್ಟು ಗಿರಿಜಾ ಆಸ್ಪತ್ರೆಗೆ ಹೋದಳು. ಡಯಾಲಿಸಿಸ್ ಅರ್ಧ ಮುಗಿದಿದ್ದಾಗ ಸಿಸ್ಟರ್ ನನ್ನನ್ನು ಬಾಗಿಲಿಗೆ ಕರೆದರು. "ಸಾರ್, ಎಲಾಸ್ಟಿಕ್ ಬಿಗೀನೇ ಇಲ್ಲ. ಮೂಗಿನ ಹತ್ರ ಗಾಳಿ ಹೋಗ್ತಿದೆ," ಎಂದು ಹೇಳಿ ಅವಳಿಗೆ ತಮ್ಮದೇ ಒಂದು ಮಾಸ್ಕ್ ತೊಡಿಸಿದರು.

ಮರುದಿನ ಆಸ್ಪತ್ರೆಯಿಂದ ಫೋನ್. ಪಕ್ಕದ ಬೆಡ್‌ನವರ ರಿಪೋರ್ಟ್ ಪಾಸಿಟಿವ್.

ಗಿರಿಜಾಳ ಮುಂದೆ ಕುಳಿತು ನಾನು ಮಾಡಿದ್ದನ್ನೂ, ಏಕೆ ಮಾಡಿದೆನೆಂಬುದನ್ನೂ ಒಪ್ಪಿಕೊಂಡೆ. ಅವಳು ದನಿ ಏರಿಸಲಿಲ್ಲ.

"ಅದು ಕಬ್ಬಿಣ ಅಲ್ಲ ಕಣ್ರೀ. ಹೊಟ್ಟೆಕಿಚ್ಚು ನಿಮ್ದು, ಉಸಿರು ನಂದು."

ಐದು ದಿನ ಕಾದೆವು. ಅವಳು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ. ಜ್ವರ ಬರಲಿಲ್ಲ. ಟೆಸ್ಟ್ ನೆಗೆಟಿವ್ ಬಂತು. ನಾನು ಅದಕ್ಕೆ ಅರ್ಹನಾಗಿರಲಿಲ್ಲ, ಆದರೂ ದಕ್ಕಿತು.

ಉಳಿದ ಮೂರು ಮಾಸ್ಕ್‌ಗಳಿಗೆ ಈಗ ಮಹೇಶ ಹೇಳಿದಷ್ಟೇ ಶಾಖ, ಥರ್ಮಾಮೀಟರ್ ಇಟ್ಟು. ಅವನ ಮೇಲಿನ ಅಸೂಯೆ ಆರಿತೆಂದು ಸುಳ್ಳು ಬರೆಯಲಾರೆ. ಆಸ್ಪತ್ರೆಗೆ ಹೊರಡುವ ಮುನ್ನ ಮಾಸ್ಕ್ ತೊಟ್ಟ ಗಿರಿಜಾಳ ಕೆನ್ನೆಯ ಅಂಚಿಗೆ ಎರಡೂ ಅಂಗೈಗಳನ್ನು ಹಿಡಿದು, ಜೋರಾಗಿ ಉಸಿರು ಬಿಡು ಎನ್ನುತ್ತೇನೆ. ಗಾಳಿ ಸೋರದಿದ್ದರೆ ಮಾತ್ರ ಹೊರಡುತ್ತೇವೆ. ಅಷ್ಟು ಹೊತ್ತು ಅವಳು ನನ್ನನ್ನೇ ನೋಡುತ್ತಿರುತ್ತಾಳೆ.