ಗಿಳಿಯ ಹೊಟ್ಟೆಯೊಳಗಿನ ಪದ್ಯ

"ಅಮ್ಮಾ, ಪಕ್ಕದ್ಮನೆ ವೀಬೊ ಮಾಮನ್ನ ಕೆಲಸದಿಂದ ತೆಗೆದುಹಾಕಿದ್ದು ಸಿಂಟ್ ತಾತನಾ?"

ಆರು ವರ್ಷದ ಫೆನ್ನ ಬಣ್ಣದ ಕಾಗದ ಕತ್ತರಿಸುತ್ತ ತಲೆ ಎತ್ತದೆಯೇ ಕೇಳಿದಳು. ಮೇಜಿನ ಆಚೆ ಬದಿಯಲ್ಲಿ ಕೂತು ಚೀಟಿ ಬರೆಯುತ್ತಿದ್ದ ಯೊಲೈನ್‌ಳ ಪೆನ್ನು ಅಲ್ಲೇ ನಿಂತಿತು.

"ಯಾರು ಹೇಳಿದ್ರು ನಿಂಗೆ?"

"ಸ್ಕೂಲಲ್ಲಿ ಲೌಕ್ ಹೇಳ್ದ. ಅವನಿಗೆ ಅವರಪ್ಪ ಹೇಳಿದ್ರಂತೆ. ಸಿಂಟ್ ಒಂದು ಪದ್ಯ ಬರೆದ್ರಂತೆ, ವೀಬೊ ಮಾಮನ ಕೆಲಸ ಹೋಯ್ತಂತೆ."

"ಸಿಂಟ್ ಯಾರ ಕೆಲಸಾನೂ ತೆಗೆಯಲ್ಲ ಪುಟ್ಟಾ. ಬರೀ ಪದ್ಯ ಬರೀತಾರೆ."

"ಪದ್ಯ ಓದಿದ್ರೆ ಕೆಲಸ ಹೋಗತ್ತಾ?"

"ಓದಿದ್ರೆ ಹೋಗಲ್ಲ. ಓದಿ ನಗದೆ ಇದ್ರೆ ಹೋಗತ್ತೆ."

ಫೆನ್ನಳಿಗೆ ಅದು ನ್ಯಾಯವಾಗಿಯೇ ಕಂಡಿರಬೇಕು. ಮತ್ತೆ ಕತ್ತರಿ ಹಿಡಿದಳು.

ಬೀದಿಯ ದೊಡ್ಡವರೆಲ್ಲರ ಹೆಸರನ್ನು ಚೀಟಿಯಲ್ಲಿ ಬರೆದು ಬ್ರೆಡ್ಡಿನ ಬುಟ್ಟಿಗೆ ಹಾಕುವ ಸರದಿ ಈ ವರ್ಷ ಯೊಲೈನ್‌ಳದು. ಸಿಂಟ್ ಎಂದರೆ ಡಿಸೆಂಬರಿನಲ್ಲಿ ಸ್ಪೇನಿನಿಂದ ಬಂದು, ಬಿಳಿ ಕುದುರೆಯೇರಿ ಉಡುಗೊರೆ ಹಂಚುವ ಮುದಿ ಸಂತ; ಅವನು ನಿಜವಲ್ಲವೆಂದು ಮಕ್ಕಳ ಮುಂದೆ ಯಾರೂ ಬಾಯಿಬಿಡರು. ಸಿಂಟ್‌ಗೆ ವಯಸ್ಸಾಯಿತು, ಹೆಸರುಗಳು ಮರೆತುಹೋಗುತ್ತವೆ, ಅದಕ್ಕೇ ಅಮ್ಮ ಬರೆದುಕೊಡುತ್ತಿದ್ದಾಳೆ ಎಂದು ಮಗಳಿಗೆ ಹೇಳಿಯಾಗಿತ್ತು. ಯಾರ ಚೀಟಿ ಯಾರ ಕೈಗೆ ಬರುತ್ತದೋ ಅವರು ಡಿಸೆಂಬರ್ ಐದರ ಸಂಜೆಗೆ ಆ ವ್ಯಕ್ತಿಗೊಂದು ಉಡುಗೊರೆ ಕಟ್ಟಬೇಕು. ಜೊತೆಗೆ ಅವರನ್ನು ಮನಸಾರೆ ಕಿಚಾಯಿಸುವ ಪದ್ಯವೊಂದನ್ನು ಬರೆದು ಕೆಳಗೆ 'ಸಿಂಟ್' ಎಂದು ಸಹಿ ಮಾಡಬೇಕು. ಪಡೆದವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ನಗಬೇಕು. ಬರೆದವರು ಯಾರೆಂದು ಕೇಳಕೂಡದು. ಇಷ್ಟೇ.

ಎಲ್ಲ ಚೀಟಿಗಳೂ ಮುಗಿದಿದ್ದವು. ಉಳಿದದ್ದು ಒಂದು, ಖಾಲಿಯಾಗಿ. ಅದರ ಮೇಲೆ ವೀಬೊ ಎಂದು ಬರೆಯುವುದೋ ಬೇಡವೋ ಎಂಬುದೇ ಅವಳ ತಲೆನೋವು. ಎದುರುಮನೆಯ ಬೆರ್ಟೀನ್ ಬೆಳಿಗ್ಗೆಯೇ ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ಎಚ್ಚರಿಸಿ ಹೋಗಿದ್ದಳು: "ಅವನ ಹೆಸರು ಹಾಕ್ಬೇಡ ಕಣೇ. ಅವನ ಚೀಟಿ ನನ್ನ ಕೈಗೆ ಬಂದ್ರೆ ಪದ್ಯಕ್ಕೆ ಮೊದ್ಲು ವಕೀಲನ್ನ ಹುಡುಕ್ಬೇಕಾಗತ್ತೆ." ಕಳೆದ ವರ್ಷವೂ ಹೀಗೇ ಹೇಳಿ ಅವನನ್ನು ಬಿಟ್ಟಿದ್ದರು. ಆ ಸಂಜೆ, ಯಾರೂ ಪರದೆ ಎಳೆಯದ ಈ ಬೀದಿಯಲ್ಲಿ, ಒಂದು ಮನೆಯ ಪರದೆ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಬೆರ್ಟೀನ್‌ಳ ಮನೆಯಿಂದ ನಗುತ್ತ ಹೊರಬಿದ್ದವರೆಲ್ಲ ಅದನ್ನು ನೋಡಿದರು, ನೋಡದವರಂತೆ ನಡೆದರು.

ವೀಬೊ ತೆರ್ಪ್‌ಸ್ತ್ರ ಫ್ರೀಸ್ಲಾಂಡಿನ ಹಳ್ಳಿಯಿಂದ ಟೀವಿ ಸ್ಟುಡಿಯೊಗಳ ಊರಾದ ಹಿಲ್ವರ್ಸಮ್‌ಗೆ ಬಂದಾಗ ಅವನಿಗೆ ಸಿಕ್ಕ ಮೊದಲ ಕೆಲಸ ಚಪ್ಪಾಳೆ ಹೊಡೆಸುವುದು. ಚಿತ್ರೀಕರಣ ಶುರುವಾಗುವ ಮೊದಲು ಸ್ಟುಡಿಯೊದಲ್ಲಿ ಕೂತ ಜನರ ಮುಂದೆ ಕುಣಿದು, ಹಳೇ ಜೋಕು ಹೇಳಿ, ಅವರ ಅಂಗೈ ಬಿಸಿ ಮಾಡಬೇಕಿತ್ತು. ಅಲ್ಲಿ ಅವನು ಕಲಿತ ಪಾಠ ಜೀವಮಾನಕ್ಕೆಲ್ಲ ಸಾಕಾಯಿತು. ಮೊದಲು ಯಾರು ಚಪ್ಪಾಳೆ ತಟ್ಟುತ್ತಾರೋ ಅವರೇ ಕಾರ್ಯಕ್ರಮ ಮಾಡಿದವರಂತೆ ಕಾಣುತ್ತಾರೆ ಎಂಬ ಪಾಠ.

ಅಲ್ಲಿಂದ ಮುಂದೆ ಅವನು ಸಭೆಗಳಲ್ಲಿ ಮೊದಲು ಚಪ್ಪಾಳೆ ತಟ್ಟುವವನಾದ. ಯಾರೋ ಒಂದು ಯೋಚನೆ ಹೇಳಿದರೆ ಕಣ್ಣರಳಿಸಿ ತಟ್ಟುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಅದೇ ಯೋಚನೆ ಮೇಲಿನವರ ಮುಂದೆ ಅವನ ಬಾಯಿಂದ ಬರುತ್ತಿತ್ತು, ಸ್ವಲ್ಪ ದೊಡ್ಡ ದನಿಯಲ್ಲಿ. ಕದ್ದ ಎನ್ನಲೂ ಆಗದು. ಮೂಲದವರನ್ನು ಕಂಡರೆ ಹೆಗಲ ಮೇಲೆ ಕೈಹಾಕಿ, "ನಮ್ಮಿಬ್ಬರದೂ ಒಂದೇ ತಲೆ ಅಲ್ವಾ!" ಎನ್ನುತ್ತಿದ್ದ. ಒಂದೇ ತಲೆ ನಿಜ. ಅದರ ಮೇಲಿನ ಟೋಪಿ ಮಾತ್ರ ಅವನದು.

ಹೀಗೆ ಏರಿ ಏರಿ ಮನರಂಜನಾ ವಿಭಾಗದ ನಿರ್ದೇಶಕನಾದ. ಅವನಿಗೆ ಹೆಸರು ತಂದದ್ದು 'ಪಕ್ಕದವರು ಏನಂತಾರೆ?' ಎಂಬ ಕಾರ್ಯಕ್ರಮ. ಒಂದು ಸಾಧಾರಣ ಕುಟುಂಬದ ಬಗ್ಗೆ ನೆರೆಹೊರೆಯವರಿಗೆ ನಿಜಕ್ಕೂ ಏನನ್ನಿಸುತ್ತದೆ ಎಂದು ಗುಟ್ಟಾಗಿ ಮಾತಾಡಿಸಿ, ಅದನ್ನು ಆ ಕುಟುಂಬದವರಿಗೇ ಸ್ಟುಡಿಯೊದಲ್ಲಿ ಕೂರಿಸಿ ತೋರಿಸುವುದು. ಹುಲ್ಲು ಕತ್ತರಿಸದವರು, ಗಂಡನನ್ನು ಗದರುವವರು, ಬಂದವರಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವವರು. ದೇಶಕ್ಕೆ ದೇಶವೇ ಶನಿವಾರ ಸಂಜೆ ಸೋಫಾ ಬಿಟ್ಟೇಳಲಿಲ್ಲ. ಬೇರೆ ದೇಶಗಳೂ ಕೊಂಡವು.

ಯೊಲೈನ್ ಅಲ್ಲಿ ಸಂಕಲನದ ಕೋಣೆಯಲ್ಲಿದ್ದಳು. ಹಿಂದೆ ನಿಂತು ಅವನು ಹೇಳುತ್ತಿದ್ದದ್ದು ಅವಳ ಕಿವಿಯಲ್ಲಿ ಇನ್ನೂ ಇದೆ: "ಆ ಹೆಂಗಸಿನ ಮುಖ ಬಿಡ್ಬೇಡ. ಹಿಡಿ, ಹಿಡಿ. ಗಲ್ಲ ನಡುಗೋವರೆಗೂ ಹಿಡಿ." ಒಮ್ಮೆ ಡ್ರೆಂತೆಯ ಕಡೆಯ ಹೆಂಗಸೊಬ್ಬಳು ಚಿತ್ರೀಕರಣ ಮುಗಿದ ಮೇಲೆ ಅವನ ಕೋಟಿನ ತೋಳು ಹಿಡಿದು, ಇದನ್ನು ತೋರಿಸಬೇಡಿ, ನಾನು ಆ ಬೀದಿಯಲ್ಲೇ ಬದುಕಬೇಕು ಎಂದು ಬೇಡಿಕೊಂಡಳು. ವೀಬೊ ಅವಳ ಕೈಯನ್ನು ಮೃದುವಾಗಿ ಬಿಡಿಸಿದ. "ತಮಾಷೆ ಅಂತ ತಗೊಳ್ಳಿ ಅಮ್ಮಾ. ತನ್ನನ್ನ ನೋಡಿ ತಾನೇ ನಗೋಕೆ ಬರದವರಿಗೆ ಬದುಕೋಕೆ ಬರಲ್ಲ." ಈ ಮಾತನ್ನು ಅವನು ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದ.

ಕಚೇರಿಯಲ್ಲಿ ಎಲ್ಲರೂ ತನ್ನನ್ನು ಹೆಸರು ಹಿಡಿದೇ ಕರೆಯಬೇಕು, ನೀನು ಎಂದೇ ಮಾತಾಡಬೇಕು ಎಂಬುದು ಅವನ ಕಟ್ಟಪ್ಪಣೆ. ಮೇಲು ಕೀಳು ಇಲ್ಲ ಎಂದು ತೋರಿಸಲು ತನ್ನ ಕೋಣೆಯ ಬಾಗಿಲನ್ನೇ ಕೀಳಿಸಿದ; ಅದರ ಫೋಟೊ ಪತ್ರಿಕೆಯಲ್ಲಿ ಬಂತು. ತಿಂಗಳೊಳಗೆ ಅವನ ಕುರ್ಚಿ ಮೇಲಿನ ಮಹಡಿಗೆ ಹೋಯಿತು. ಆ ಮಹಡಿಗೆ ಲಿಫ್ಟಿನಲ್ಲಿ ಹೋಗಲು ಬೇರೆ ಕಾರ್ಡು ಬೇಕಿತ್ತು. ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಅವನು 'ತೆಗೆದೆ' ಎನ್ನುತ್ತಿರಲಿಲ್ಲ. "ನಿನ್ನ ಕಥೆ ಇನ್ನೆಲ್ಲೋ ನಿನಗಾಗಿ ಕಾಯ್ತಿದೆ" ಎನ್ನುತ್ತಿದ್ದ. ಕೆಲವರು ಬೀದಿಗೆ ಬಂದ ಮೇಲೆಯೇ ಅದರ ಅರ್ಥ ತಿಳಿದುಕೊಂಡರು.

ಆಮೇಲೆ ಆ ಡಿಸೆಂಬರ್ ಬಂತು. ಫೆನ್ನಳಿಗೆ ಆಗ ಮೂರು ವರ್ಷ. ಕಚೇರಿಯ ಸಿಂಟ್ ಸಂಜೆಯಲ್ಲಿ ಚೀಲದಿಂದ ವೀಬೊನ ಹೆಸರಿನ ಪೊಟ್ಟಣ ಹೊರಬಂತು. ಅರೆದ ಕಾಗದದ ಮುದ್ದೆಯಲ್ಲಿ ಮಾಡಿದ ಎರಡಡಿ ಎತ್ತರದ ಗಿಳಿ. ಅದರ ಗರಿಗಳೆಲ್ಲ ಅವನದೇ ಕಾರ್ಯಕ್ರಮಗಳ ಹಳೇ ಪೋಸ್ಟರಿನ ಚೂರುಗಳು. ಹೊಟ್ಟೆ ಸೀಳಿದರೆ ಅವನ ಹೆಸರಿನ ಮೊದಲಕ್ಷರದ ದೊಡ್ಡ ಚಾಕೊಲೇಟು, ಅದಕ್ಕೆ ಸುತ್ತಿದ ಪದ್ಯ. ವೀಬೊ ಗಂಟಲು ಸರಿಮಾಡಿಕೊಂಡು, ಕ್ಯಾಮೆರಾಕ್ಕೆ ತಿರುಗುವವನಂತೆ ಓರೆಯಾಗಿ ನಿಂತು ಓದತೊಡಗಿದ:

ಸ್ಪೇನಿನಲ್ಲೇ ಸಿಂಟ್ ಮುದುಕನಿಗೆ ಮುಟ್ಟಿತೊಂದು ಸುದ್ದಿ:
ಹಿಲ್ವರ್ಸಮ್‌ನಲ್ಲಿ ಒಬ್ಬನಿದ್ದಾನಂತೆ, ಅವನಿಗೆ ಭಾರಿ ಬುದ್ಧಿ!
ಸೋಮವಾರ ಯಾರೋ ಅಂದದ್ದನು ಬಾಯಿ ತೆರೆದು ಕೇಳುವನು,
ಮಂಗಳವಾರ ಅದನ್ನೇ 'ನನಗೆ ಹೊಳೆಯಿತು' ಎಂದು ಹೇಳುವನು.
ಅತ್ತವರ ಮುಖ ತೋರಿಸುತ್ತ ಏರಿದೆಯಪ್ಪ ಮೇಲುಮನೆ,
ಎಲ್ಲರಿಗೂ ನಗು ಕಲಿಸಿದವನೆ, ಈಗ ನೀನೂ ನಗು ಸುಮ್ಮನೆ.

ಮೊದಲೆರಡು ಸಾಲಿಗೆ ಅವನೇ ನಕ್ಕ. ಮೂರನೆಯದಕ್ಕೆ ದನಿ ಇಳಿಯಿತು. ಕೊನೆಗೆ ಬರುವಷ್ಟರಲ್ಲಿ ಕಿವಿಗಳು ಬೀಟ್‌ರೂಟಿನಂತಾಗಿದ್ದವು. ಉಳಿದವರು ನಗಲು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಅವನು ಒಂದು ಹೂಂ ಅಂದಿದ್ದರೆ, ಒಂದು ಸಣ್ಣ ಹುಳ್ಳಗಿನ ನಗೆ ಬೀರಿದ್ದರೆ, ಎಲ್ಲರೂ ಚಪ್ಪಾಳೆ ತಟ್ಟಿ ಅವನನ್ನು ಕ್ಷಮಿಸಿಬಿಡುತ್ತಿದ್ದರು. ಬಟಾಣಿ ಸೂಪು ತಣ್ಣಗಾಗುತ್ತಿತ್ತು, ಎಲ್ಲರಿಗೂ ಹಸಿವಾಗಿತ್ತು. ಅವನು ಕೇಳಿದ:

"ಯಾರು ಬರೆದದ್ದು ಇದನ್ನ?"

ಈ ನಾಡಿನಲ್ಲಿ ಹಾಲುಹಲ್ಲು ಬಿದ್ದ ಮಗು ಕೂಡ ಕೇಳದ ಪ್ರಶ್ನೆ ಅದು. ಸ್ವಾಗತದ ಮೇಜಿನ ಯಿತ್ಸ್ಕೆ, ಇಪ್ಪತ್ತು ವರ್ಷದಿಂದ ಬಂದುಹೋಗುವವರ ಮುಖ ನೋಡಿದವಳು, ಮೆಲ್ಲಗೆ ಅಂದಳು: "ಕೆಳಗೆ ಸಹಿ ಇದೆಯಲ್ಲ ವೀಬೊ. ಸಿಂಟ್."

ಆಗ ನಗು ಒಡೆಯಿತು, ಆದರೆ ಅದು ಅವನ ಜೊತೆ ನಗುವ ನಗುವಾಗಿರಲಿಲ್ಲ.

ಮಾರನೆಯ ದಿನದಿಂದ ವಿಚಾರಣೆ. ಒಬ್ಬೊಬ್ಬರನ್ನೇ ಮೇಲಿನ ಮಹಡಿಗೆ ಕರೆಸಿದ. ಕ್ಯಾಮೆರಾದವರು, ಬಣ್ಣ ಹಚ್ಚುವವರು, ಲೆಕ್ಕದವರು, ಮೊಮ್ಮಕ್ಕಳಿರುವವರು, ಎಲ್ಲರೂ ಮುಖ ಸಡಿಲಿಸದೆ ಒಂದೇ ಉತ್ತರ ಕೊಟ್ಟು ಇಳಿದು ಬಂದರು. ಯೊಲೈನ್‌ಳ ಕೆಲಸದ ಒಪ್ಪಂದ ಆ ತಿಂಗಳಿಗೆ ಮುಗಿಯುವುದಿತ್ತು. ಅದು ಅವನಿಗೂ ಗೊತ್ತಿತ್ತು.

"ಯೊಲೈನ್, ನೀನು ಬುದ್ಧಿವಂತೆ. ಪುಟ್ಟ ಮಗು ಬೇರೆ ಇದೆ. ಜನವರಿಯಿಂದ ಏನು ಮಾಡ್ಬೇಕು ಅಂತಿದ್ದೀಯ?"

"ಇಲ್ಲೇ ಇರೋಣ ಅಂತ."

"ಹಾಗಾದ್ರೆ ಹೇಳು. ಗಿಳಿ ಯಾರ್ದು?"

"ಸಿಂಟ್‌ದು."

"ನನ್ ಹತ್ರ ಆಟ ಆಡ್ಬೇಡ."

"ಆಟ ಅಲ್ಲ ವೀಬೊ. ಮನೇಲಿ ಮೂರು ವರ್ಷದ ಮಗು ಇದೆ. ಇಲ್ಲಿ ಒಂದ್ಸಲ ಬೇರೆ ಥರ ಹೇಳಿ ನಾಲಿಗೆ ರೂಢಿಯಾದ್ರೆ, ನಾಳೆ ಅವಳ ಮುಂದೆ ಬಾಯ್ತಪ್ಪಿ ಬಂದುಬಿಡತ್ತೆ. ಆಗ ನೀನು ಬಂದು ಸಮಾಧಾನ ಮಾಡ್ತೀಯಾ?"

ಅವಳಿಗೆ ನಿಜವಾಗಿಯೂ ಬರೆದವರು ಯಾರೆಂದು ಗೊತ್ತಿರಲಿಲ್ಲ. ಇಂದಿಗೂ ಯಾರಿಗೂ ಗೊತ್ತಿಲ್ಲ. ಅವಳ ಒಪ್ಪಂದ ಮುಂದುವರಿಯಲಿಲ್ಲ. ಅವಳ ಕಥೆಯೂ ಇನ್ನೆಲ್ಲೋ ಕಾಯುತ್ತಿದೆ ಎಂದು ತಿಳಿಸಲಾಯಿತು. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅವಳು ಬೇಳೆಸಾರಿನಂಥ ಸೂಪುಗಳನ್ನೇ ಬೇಯಿಸಿ, ಫೆನ್ನಳ ಚಳಿಗಾಲದ ಕೋಟನ್ನು ಬೆರ್ಟೀನ್‌ಳ ಮಗಳ ಹಳೆಯದರಲ್ಲೇ ಸುಧಾರಿಸಿದಳು.

ವೀಬೊ ಅಲ್ಲಿಗೂ ನಿಲ್ಲಲಿಲ್ಲ. ನೌಕರರ ಮಿಂಚಂಚೆಗಳನ್ನೂ ಪದ್ಯವನ್ನೂ ಹೋಲಿಸಿ ಶೈಲಿ ಪತ್ತೆಹಚ್ಚಲು ಭಾಷಾತಜ್ಞನೊಬ್ಬನನ್ನು ಗೊತ್ತುಮಾಡಿದ. ಆ ತಜ್ಞನೂ ಈ ನಾಡಿನಲ್ಲೇ ಹುಟ್ಟಿದವನು. ಅವನ ವರದಿಯಲ್ಲಿ ಒಂದೇ ಸಾಲಿತ್ತು: ಬರೆದವರು ಬಹಳ ವಯಸ್ಸಾದವರು, ಕುದುರೆ ಸವಾರಿ ಬಲ್ಲವರು. ಇದು ಪತ್ರಿಕೆಗೆ ಹೋಯಿತು. ಕಂಪನಿಯ ಮಾಲೀಕರು ವಿದೇಶದಲ್ಲಿದ್ದರು. ತಲೆಬುಡ ತಿಳಿಯದೆ ಅವರು ವೀಬೊನನ್ನೇ ಕೇಳಿದರು, ಈ ಸಿಂಟ್ ಎಂಬಾತ ಯಾವ ವಿಭಾಗದವನು, ಇಷ್ಟು ತೊಂದರೆ ಕೊಡುವವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು. ವೀಬೊ ಉದ್ದನೆಯ ಉತ್ತರ ಬರೆದ. ಒಬ್ಬ ದೊಡ್ಡ ಮನುಷ್ಯ ಒಂದು ಗಿಳಿಯ ಬಗ್ಗೆ ಹಾಗೆ ಬರೆದದ್ದನ್ನು ಓದಿದ ಮೇಲೆ ತೊಂದರೆ ಯಾರಿಂದ ಎಂಬ ಬಗ್ಗೆ ಮಾಲೀಕರಿಗೆ ಸಂಶಯ ಉಳಿಯಲಿಲ್ಲ. ವಸಂತ ಬರುವ ಮೊದಲೇ 'ಹೊಸ ಸವಾಲುಗಳ ಕಡೆಗೆ' ಅವನ ಬೀಳ್ಕೊಡುಗೆ ಆಯಿತು. ಚಪ್ಪಾಳೆ ಮೊದಲು ತಟ್ಟಲು ಯಾರೂ ಇರಲಿಲ್ಲ. ಹೊಸದಾಗಿ ಬಂದವರು ಯೊಲೈನ್‌ಳನ್ನು ಮತ್ತೆ ಕರೆದರು.

ಹೆಂಡತಿ ಬಿಟ್ಟಳು, ಇಲ್ಲಿ ಸಿರಿವಂತರಷ್ಟೇ ಕಟ್ಟಿಸುವ ಹುಲ್ಲು ಚಾವಣಿಯ ದೊಡ್ಡ ಮನೆ ಮಾರಿಹೋಯಿತು. ಒಂದು ದಿನ ಪಕ್ಕದ ಮನೆಗೆ ಸಾಮಾನು ಇಳಿಸುತ್ತಿರುವವನು ಅವನೇ ಎಂದು ಕಂಡಾಗ ಯೊಲೈನ್‌ಗೆ ಮೊದಲು ಬಂದ ಯೋಚನೆ, ಇಬ್ಬರ ಮನೆಯ ನಡುವಿನ ಗೋಡೆ ತೆಳ್ಳಗಿದೆ ಎಂಬುದು. ಈಗ ಅವನು ಸಲಹೆಗಾರ. ಸೈಕಲ್ ಕೊಟ್ಟಿಗೆಯಲ್ಲಿ ಕೂತು ನಾಯಕತ್ವದ ಬಗ್ಗೆ ತಾನೇ ಮಾತಾಡಿ ಧ್ವನಿಮುದ್ರಿಸಿ ಇಂಟರ್ನೆಟ್ಟಿಗೆ ಏರಿಸುತ್ತಾನೆ. ಮಕ್ಕಳು ಚೆಂಡು ಒದ್ದರೆ ಕೊಟ್ಟಿಗೆಯಿಂದ ತಲೆ ಹೊರಬರುತ್ತದೆ: "ಮಕ್ಕಳೇ, ರೆಕಾರ್ಡಿಂಗ್ ನಡೀತಿದೆ!" ಆ ಮಾತುಗಳನ್ನು ಇಂಟರ್ನೆಟ್ಟಿನಲ್ಲಿ ಕೇಳುವವರಲ್ಲಿ ಒಬ್ಬಳು ಯಿತ್ಸ್ಕೆ, ನಗುವುದಕ್ಕೆ.

ಆದರೂ ಫೆನ್ನಳ ಸೈಕಲ್ಲಿನ ಸರಪಳಿ ಕಳಚಿದಾಗ ಕೈಗೆ ಗ್ರೀಸು ಮೆತ್ತಿಕೊಂಡು ಹಾಕಿಕೊಟ್ಟವನೂ ಅವನೇ. ಅದನ್ನು ಯೊಲೈನ್ ಮರೆಯಲಾರಳು. ಡ್ರೆಂತೆಯ ಹೆಂಗಸನ್ನೂ ಮರೆಯಲಾರಳು. ಆ ಮುಖವನ್ನು ಗಲ್ಲ ನಡುಗುವವರೆಗೂ ಹಿಡಿದ ಕೈ ತನ್ನದೇ.

ಬಾಗಿಲ ಗಂಟೆ ಸದ್ದಾಯಿತು. ವೀಬೊ ನಿಂತಿದ್ದ, ಒದ್ದೆ ಛತ್ರಿ ಮಡಿಸುತ್ತ. ಗಾಜಿನ ಕಿಟಕಿಯಿಂದ ಮೇಜಿನ ಮೇಲಿನ ಬುಟ್ಟಿ ಅವನಿಗೆ ಕಂಡಿತ್ತು.

"ಚೀಟಿ ಎತ್ತೋದಾ?"

"ಹೂಂ. ಭಾನುವಾರ."

"ಕಳೆದ ವರ್ಷ ನಾನು... ಊರಲ್ಲಿರಲಿಲ್ಲ."

"ಇದ್ದೆ ವೀಬೊ. ನಿನ್ನ ಟೀವಿ ನಮಗೆ ಕೇಳಿಸತ್ತೆ."

ಅವನು ಛತ್ರಿಯ ತುದಿಯನ್ನು ನೋಡಿದ. "ಜನ ಹೆದರ್ತಾರೆ ಅಲ್ವಾ ನನಗೆ ಬರೆಯೋಕೆ?"

"ಹೆದರ್ತಾರೆ. ಮತ್ತೆ ಹೆದರದೆ? ಒಂದು ಗಿಳಿ ಹಿಂದೆ ಬಿದ್ದು ನನ್ನ ಕೆಲಸಾನೇ ತಿಂದೆ."

"ಅದು ತಪ್ಪಾಯ್ತು." ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸುವ ಮನುಷ್ಯ ಇದನ್ನು ಎಷ್ಟು ಸಣ್ಣಗೆ ಹೇಳಿದನೆಂದರೆ, ಒಳಗೆ ಫೆನ್ನಳ ಕತ್ತರಿಯ ಸದ್ದೇ ಜೋರಾಗಿತ್ತು. "ಈ ಸಲ ನನ್ನ ಹೆಸರು ಹಾಕು. ಏನು ಬೇಕಾದ್ರೂ ಬರೀಲಿ. ಎಷ್ಟು ಬೇಕಾದ್ರೂ ಬಯ್ಯಲಿ. ಪರದೆ ಎಳ್ಕೊಂಡು ಇನ್ನೊಂದ್ಸಲ ಕೂರೋಕೆ ನನ್ನ ಕೈಲಾಗಲ್ಲ."

ಯೊಲೈನ್ ಒಳಗೆ ಹೋಗಿ ಖಾಲಿ ಚೀಟಿ ತಂದಳು. ಬಾಗಿಲಿಗೆ ಒತ್ತಿ ಹಿಡಿದು ಅವನೆದುರೇ ಹೆಸರು ಬರೆದು, ಮಡಿಸಿ, ಬುಟ್ಟಿಗೆ ಹಾಕಿ ಬಂದಳು. ಬೆರ್ಟೀನ್‌ಗೆ ಏನು ಹೇಳುವುದೆಂದು ನಾಳೆ ಯೋಚಿಸಿದರಾಯಿತು. ವೀಬೊ ಅವಳ ಕೈ ಹಿಡಿದು ಕುಲುಕಿದ, ಛತ್ರಿ ಬಿಚ್ಚದೆಯೇ ಮಳೆಯಲ್ಲಿ ಅಂಗಳ ದಾಟಿದ. ಅವಳು ಬಾಗಿಲು ಹಾಕುವಷ್ಟರಲ್ಲಿ ತಿರುಗಿ ಬಂದ.

"ಯೊಲೈನ್, ಒಂದು ಸಣ್ಣ ಉಪಕಾರ."

"ಏನು?"

"ನನ್ನ ಚೀಟಿ ಯಾರಿಗೆ ಬರತ್ತೋ ಬರಲಿ, ಯಾರು ಅಂತ ನನಗೆ ಬೇಡ. ನೀನು ಅವರಿಗೆ ಒಂದು ಮಾತು ಹೇಳು. ಹಿಂದಿನ ದಿನ ಆ ಪದ್ಯಾನ ನನ್ನ ಬಾಗಿಲಲ್ಲಿ ಹಾಕಿ ಹೋಗೋಕೆ." ಅವಳ ಹುಬ್ಬು ಮೇಲೇರಿದ್ದನ್ನು ಕಂಡು ಎರಡೂ ಕೈ ಅಡ್ಡ ಆಡಿಸಿದ. "ಒಂದಕ್ಷರ ತಿದ್ದಲ್ಲ, ಆಣೆ! ಎಲ್ಲೆಲ್ಲಿ ನಗಬೇಕು ಅಂತ ಸ್ವಲ್ಪ ಅಭ್ಯಾಸ ಮಾಡ್ಕೊಳ್ತೀನಿ, ಅಷ್ಟೇ."